ಚುಕ್ಕಿಯ ಕಣ್ಣು

ಬಣ್ಣದ ಮೇಡಂ ಮೊದಲ ದಿನವೇ ಹೇಳಿಬಿಟ್ಟರು: "ಇಲ್ಲಿ ತಪ್ಪು ಅನ್ನೋದೇ ಇಲ್ಲ. ನಿಮ್ಮ ಕೈ ಎತ್ತ ಹೋಗುತ್ತೋ ಅತ್ತ ಬಿಡಿ. ಮನಸ್ಸಲ್ಲಿರೋದು ಹಾಳೆ ಮೇಲೆ ಬಂದ್ರೆ ಸಾಕು, ಸ್ವಲ್ಪ ಭಾರ ಇಳಿಯುತ್ತೆ."

ಭಾರದ ಮಾತಾಡುವುದಕ್ಕೆ ಅವರಿಗೆ ಸಿಕ್ಕಿದ್ದ ಜಾಗವೂ ಚೆನ್ನಾಗಿತ್ತು. ನಮ್ಮನ್ನೆಲ್ಲ ತಂದು ಇಳಿಸಿದ್ದು ಹಳೇ ಹತ್ತಿ ಗೋದಾಮಿನಲ್ಲಿ. ಚಿತ್ರದ ತರಗತಿ ನಡೆಯುತ್ತಿದ್ದದ್ದು ಅದರ ತೂಕದ ಕೋಣೆಯಲ್ಲಿ. ನೆಲಕ್ಕೆ ಕೂಡಿಸಿದ ದೊಡ್ಡ ತೂಕದ ಹಲಗೆ ಇನ್ನೂ ಅಲ್ಲೇ ಇತ್ತು. ಯಾರಾದರೂ ಅದರ ಮೇಲೆ ಕಾಲಿಟ್ಟರೆ ಗೋಡೆಯ ಮೇಲಿನ ಮುಳ್ಳು ಅಲ್ಲಾಡುತ್ತಿತ್ತು. "ಹಾಗಾದ್ರೆ ಇಳೀತೋ ಇಲ್ವೋ ಇಲ್ಲೇ ನೋಡ್ಕೋಬಹುದು ಬಿಡಿ" ಅಂದೆ. ಯಾರೂ ನಗಲಿಲ್ಲ. ಮೇಡಂ ಒಬ್ಬರೇ ನಕ್ಕರು. ಅವರು ನಕ್ಕಿದ್ದಕ್ಕೇ ಅವರ ಮೇಲೆ ನನಗೆ ಸಿಟ್ಟು ಬಂತು.

ಆಗ ನನಗೆ ಸಿಟ್ಟು ಬರಲು ಕಾರಣವೇನೂ ಬೇಕಿರಲಿಲ್ಲ. ಊರ ಮೇಲಿನ ಕೆರೆಯ ಏರಿ ಒಡೆದು ನಮ್ಮ ಕೆಳಗಿನ ಬೀದಿ ಪೂರ್ತಿ ಕೊಚ್ಚಿಕೊಂಡು ಹೋಗಿತ್ತು. ಹಾಡುಹಗಲು. ನಾನು ಪೇಟೆಗೆ ಹೋಗಿದ್ದೆ, ಗಂಡ ಊರಾಚೆ ಯಾವುದೋ ಪೆಟ್ರೋಲ್ ಬಂಕಿನ ಬೋರ್ಡ್ ಬರೆಯುತ್ತ ಏಣಿಯ ಮೇಲಿದ್ದರು. ಶಾಲೆಗೆ ರಜೆ ಎಂದು ಮಗಳು ಮನೆಯಲ್ಲಿದ್ದಳು. ಇಷ್ಟೇ. ಇದನ್ನು ಇದಕ್ಕಿಂತ ಉದ್ದವಾಗಿ ಹೇಳುವ ಶಕ್ತಿ ನನಗಿಲ್ಲ, ಕೇಳುವವರಿಗೂ ಬೇಡ.

ಸಿಕ್ಕವರನ್ನೆಲ್ಲ ಐಸ್ ಫ್ಯಾಕ್ಟರಿಯಲ್ಲಿ ಮಲಗಿಸಿದ್ದರು. ಗುರುತು ಹಿಡಿಯಲು ನಾವಿಬ್ಬರೂ ಹೋದೆವು. ಕೆಲಸದವನು ಬಟ್ಟೆ ಸರಿಸಿದ. ನಾನು ನೋಡಿದೆ, ಹೌದು ಅಂದೆ, ಗೋಡೆ ಕಡೆ ತಿರುಗಿದೆ. ಗಂಡ ಮಾತ್ರ ನೋಡುತ್ತಲೇ ನಿಂತರು. ಬೋರ್ಡಿಗೆ ಅಳತೆ ತೆಗೆದುಕೊಳ್ಳುವಾಗ ನೋಡುತ್ತಾರಲ್ಲ, ತಲೆ ಸ್ವಲ್ಪ ವಾಲಿಸಿ, ಹಾಗೆ. ಕೊನೆಗೆ ಆ ಕೆಲಸದವನೇ ಅವರ ಭುಜ ಮುಟ್ಟಿ "ಸಾಕು ಅಣ್ಣ" ಅಂದ.

ನನ್ನ ಗಂಡ ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಊರಿಗೆಲ್ಲ ಬೋರ್ಡಣ್ಣ. ದಾರಕ್ಕೆ ಚಾಕ್‌ಪೀಸಿನ ಪುಡಿ ಬಳಿದು ಟಪ್ಪೆಂದು ಗೆರೆ ಹೊಡೆದರೆ ಆ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಸೊಟ್ಟಗಿದ್ದದ್ದು ಕಂಡರೆ ಅವರಿಗೆ ಊಟ ಸೇರುವುದಿಲ್ಲ. ನೆಂಟರ ಮನೆಗೆ ಹೋದರೂ ಮೊದಲು ಅವರ ಕ್ಯಾಲೆಂಡರ್ ನೆಟ್ಟಗೆ ಮಾಡಿ ಆಮೇಲೆ ಕೂರುವ ಆಸಾಮಿ. ಮದುವೆಯಾದ ಹೊಸದರಲ್ಲಿ ನನ್ನ ಬೈತಲೆಯನ್ನೂ ತಿದ್ದಲು ಬಂದಿದ್ದರು. ಬಾಚಣಿಗೆಯಲ್ಲೇ ಕೊಟ್ಟೆ ಒಂದು. ಬರೆದ ಪ್ರತಿ ಬೋರ್ಡಿನ ಬಲ ಮೂಲೆಯಲ್ಲಿ ಸಹಿಯ ಬದಲು ಒಂದು ಕೆಂಪು ಚುಕ್ಕಿ ಇಡುತ್ತಿದ್ದರು. ಮಗಳು ಹುಟ್ಟಿದಾಗ ಅವಳಿಗೂ ಅದೇ ಹೆಸರಾಯಿತು. ಶಾಲೆಯಲ್ಲಿ ಬೇರೆ ಹೆಸರಿತ್ತು, ಆ ಹೆಸರಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಇಂಥ ಮನುಷ್ಯ ತೂಕದ ಕೋಣೆಯಲ್ಲಿ ಕುಂಚ ಹಿಡಿದು ಏನು ಬರೆದರು ಅಂತೀರಿ? ಗೆರೆ. ಹಾಳೆಯ ಈ ಅಂಚಿನಿಂದ ಆ ಅಂಚಿಗೆ ನೇರ ಗೆರೆಗಳು, ಒಂದರ ಕೆಳಗೊಂದು. ದಿನಾ ಅದೇ. ಮೇಡಂ ಪಕ್ಕದಲ್ಲಿ ಕೂತು "ಈ ಗೆರೆ ನಿಮಗೆ ಏನು ಹೇಳ್ತಿದೆ ಅಣ್ಣ?" ಎಂದು ಕೇಳಿದರೆ "ಅಕ್ಷರ ಬರೀಬೇಕು, ಏನು ಬರೀಬೇಕು ಅಂತ ಯಾರೂ ಹೇಳ್ತಿಲ್ಲ" ಎನ್ನುತ್ತಿದ್ದರು. ಮೇಡಂ ನನ್ನನ್ನೂ ಕೇಳಿದರು, ನಿಮ್ಮ ದುಃಖಕ್ಕೆ ಯಾವ ಬಣ್ಣ ಅಂತ. "ಅದಕ್ಕೆ ಬಣ್ಣ ಇದ್ದಿದ್ರೆ ನಮ್ಮನೆಯವರು ಡಬ್ಬಿ ನಂಬರ್ ಹೇಳಿಬಿಡ್ತಿದ್ರು ಮೇಡಂ" ಅಂದೆ. ಈ ಸಲ ಅವರೂ ನಗಲಿಲ್ಲ. ನನ್ನ ಹಾಳೆ ಖಾಲಿಯೇ ಉಳಿಯುತ್ತಿತ್ತು.

ಗೆರೆಗಳಿಂದ ಅವರನ್ನು ಆಚೆ ಎಳೆದವಳು ಹೊಲಿಗೆ ಅತ್ತೆ. ನಮ್ಮ ಬೀದಿಯ ದರ್ಜಿ, ಎಲ್ಲರಿಗೂ ಅತ್ತೆ. ಅವಳ ಯಜಮಾನ ನೀರಿಗೆ ಹೋದ, ಫೋಟೋಗಳೂ ಹೋದವು. ಎಲ್ಲರದ್ದೂ ಹೋದದ್ದೇ. ಗೋಡೆಯ ಮೇಲಿದ್ದವು ಗೋಡೆಯ ಜೊತೆ ಹೋದವು, ಮೊಬೈಲಿನಲ್ಲಿದ್ದವು ಮೊಬೈಲಿನ ಜೊತೆ. ನಮ್ಮ ಮನೆಗಿದ್ದ ಒಂದೇ ಮೊಬೈಲನ್ನೂ ಅವತ್ತು ಚುಕ್ಕಿಯ ಹತ್ತಿರ ಬಿಟ್ಟು ಹೋಗಿದ್ದೆ. ಒಂದು ಬೆಳಿಗ್ಗೆ ಅತ್ತೆ ತನ್ನ ಹಾಳೆಯಲ್ಲಿ ಮಾಡಿದ್ದ ಮುದ್ದೆಯನ್ನು ನೋಡಿ ನೋಡಿ ಬೇಸತ್ತು ನನ್ನ ಗಂಡನ ಮುಂದೆ ತಂದಿಟ್ಟಳು.

"ಇದು ನಿಮ್ಮ ಮಾವ ಅಂತೆ. ನೀನೇ ನೋಡು. ಒಂದು ಮುಖ ಬರೆದುಕೊಡಪ್ಪ, ಪುಣ್ಯ ಬರುತ್ತೆ."

"ನಂಗೆ ಅವರ ಮುಖ ಅಷ್ಟು ನೆನಪಿಲ್ಲ ಅತ್ತೆ."

"ನಾನು ಹೇಳ್ತೀನಲ್ಲ. ಬರ್ಕೋ. ಕತ್ತು ಹದಿನಾರು. ಭುಜ ಹದಿನೆಂಟು, ಎಡಗಡೆ ಅರ್ಧ ಇಂಚು ಇಳಿಜಾರು."

ಜೀವನವಿಡೀ ಗಂಡನಿಗೆ ಅಂಗಿ ಹೊಲಿದವಳು. ಕೊರಳಿನಿಂದ ಮೇಲೆ ಹತ್ತುತ್ತ ಗದ್ದ, ದವಡೆ, ಕಿವಿ ಎಲ್ಲವನ್ನೂ ಗೇಣು ಬೆರಳುಗಳಲ್ಲಿ ತೋರಿಸಿದಳು. ಇವರು ಕೇಳಿದರು, ಬರೆದರು, ಅಳಿಸಿದರು. ಮಾರನೇ ದಿನ ಚಿತ್ರ ಮುಗಿಯಿತು. ಅತ್ತೆ ಅದನ್ನು ನೋಡಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಆಮೇಲೆ ಮೂಗು ಒರೆಸಿಕೊಂಡು "ಹಾಳಾದವನು, ಹೀಗೇ ನೋಡ್ತಿದ್ದ" ಎಂದು ನಕ್ಕಳು. ರಾತ್ರಿ ಊಟದ ಸಾಲಿನಲ್ಲೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದಳು.

ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ನನ್ನ ಕಷ್ಟ ಬೇರೆಯಿತ್ತು. ಚುಕ್ಕಿಯ ದನಿ ನನಗೆ ನೆನಪಿತ್ತು, ಅವಳ ತಲೆಯ ವಾಸನೆ ನೆನಪಿತ್ತು, ಬೆನ್ನ ಮೇಲೆ ನೇತು ಬಿದ್ದಾಗಿನ ಅವಳ ತೂಕ ನೆನಪಿತ್ತು. ಆದರೆ ಮುಖ ಎಂದು ಕಣ್ಣು ಮುಚ್ಚಿದರೆ ಐಸ್ ಫ್ಯಾಕ್ಟರಿಯ ಮುಖವೇ ಬಂದು ನಿಲ್ಲುತ್ತಿತ್ತು. ಅದು ಬಾಗಿಲಿಗೆ ಅಡ್ಡ ನಿಂತು, ಬದುಕಿದ್ದ ಮುಖವನ್ನು ಒಳಗೇ ಬಿಡುತ್ತಿರಲಿಲ್ಲ. ತವರಿನಲ್ಲಿ ಅವಳದ್ದೊಂದು ಫೋಟೋ ಇತ್ತು. ಟೋಪಿ ಹಾಕಿದ ಎಂಟು ತಿಂಗಳ ಕೂಸು, ಯಾರ ಮಗುವಾದರೂ ಆಗಬಹುದು. ನನಗೆ ಬೇಕಿದ್ದದ್ದು ಒಂಬತ್ತು ವರ್ಷದ, ಬಾಯಿ ಜೋರಿನ, ಜಡೆ ಹಾಕಿಸಿಕೊಳ್ಳಲು ಓಡಾಡಿಸುತ್ತಿದ್ದ ನನ್ನ ಮಗಳು. ಅವಳು ಒಂದು ಸಲ ನನ್ನ ಕಡೆ ನೋಡಿದರೆ ಆ ಇನ್ನೊಂದು ಮುಖ ಜಾಗ ಬಿಟ್ಟೀತು ಅನ್ನಿಸಿತ್ತು.

"ರೀ, ನಂಗೂ ಒಂದು ಬರೆದುಕೊಡಿ" ಅಂದೆ.

ಯಾರದ್ದು ಎಂದು ಅವರು ಕೇಳಲಿಲ್ಲ. ಕುಂಚ ತೊಳೆಯುತ್ತಲೇ ಇದ್ದರು. ನೀರು ತಿಳಿಯಾದ ಮೇಲೂ ತೊಳೆದರು. ಹಾಗೆ ಕೆಲವು ದಿನ ತಪ್ಪಿಸಿಕೊಂಡು ಓಡಾಡಿದರು. ನಾನು ಬೆನ್ನು ಬಿಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ದೊಡ್ಡ ಹಾಳೆ ಬಿಡಿಸಿ ಕೂತರು. ಸಂಜೆಯೊಳಗೆ ಬರೆದುಬಿಟ್ಟರು. ಕೋಣೆಯಲ್ಲಿದ್ದವರೆಲ್ಲ ಸುತ್ತ ನೆರೆದು "ಅಯ್ಯೋ, ಚುಕ್ಕಿ! ಹಾಗೇ ಬಂದಿದ್ದಾಳೆ!" ಎಂದರು.

ನಾನು ನೋಡಿದೆ. ಕೆನ್ನೆ, ಮೂಗು, ಜಡೆ ಎಲ್ಲ ಸರಿಯಿತ್ತು. ಎರಡು ಕಣ್ಣೂ ಗುಂಡಗೆ, ನೆಟ್ಟಗೆ, ನನ್ನನ್ನೇ ನೋಡುತ್ತಿದ್ದವು.

"ಇದು ಬೋರ್ಡಿನ ಹುಡುಗಿ" ಅಂದೆ. "ನನ್ನ ಮಗಳಲ್ಲ."

ಮೇಲಿನ ಪೇಟೆಯಲ್ಲಿ ಒಂದು ಪುಸ್ತಕದಂಗಡಿಗೆ ಅವರು ಬೋರ್ಡ್ ಬರೆದಿದ್ದರು. ಅದರಲ್ಲಿ ಶಾಲೆಯ ಚೀಲ ಹೊತ್ತು ನಗುವ ಹುಡುಗಿ. ಅದಕ್ಕೆ ಮಾದರಿಯಾಗಿ ಕೂರಿಸಿಕೊಂಡಿದ್ದದ್ದು ಚುಕ್ಕಿಯನ್ನೇ. ಆದರೆ ಚುಕ್ಕಿಯ ಒಂದು ಕಣ್ಣು ಸ್ವಲ್ಪ ಓರೆ. ಮೆಳ್ಳೆಗಣ್ಣು ಅನ್ನುವಷ್ಟಲ್ಲ, ಯಾವಾಗಲೂ ಅಲ್ಲ. ಸುಸ್ತಾದರೆ, ನಿದ್ದೆ ಬಂದರೆ, ಸುಳ್ಳು ಹೇಳಿದರೆ ಆ ಕಣ್ಣು ಮೆಲ್ಲಗೆ ಮೂಗಿನ ಕಡೆ ಸರಿಯುತ್ತಿತ್ತು. ಅವಳ ಸುಳ್ಳನ್ನು ನಾನು ಹಿಡಿಯುತ್ತಿದ್ದದ್ದೇ ಹಾಗೆ. ಬೋರ್ಡಿನಲ್ಲಿ ಅದನ್ನು ನೆಟ್ಟಗೆ ಮಾಡಿದ್ದರು. ಗಿರಾಕಿ ಒಪ್ಪುವುದಿಲ್ಲ ಎಂದಿದ್ದರು. ಚುಕ್ಕಿ ಅದನ್ನು ನೋಡಿ "ಅಪ್ಪ, ಇವಳು ನನಗಿಂತ ಒಳ್ಳೆಯವಳ ಥರ ಇದ್ದಾಳೆ" ಎಂದು ನಕ್ಕಿದ್ದಳು.

"ಆ ಕಣ್ಣು ಹಾಕಿ" ಅಂದೆ.

ಅವರು ಕುಂಚ ಎತ್ತಿದರು. ಕೈ ಹಾಳೆಯ ಹತ್ತಿರ ಹೋಗಿ ನಿಂತಿತು.

"ಯಾವುದು?" ಅಂದರು.

"ಏನು ಯಾವುದು?"

"ಯಾವ ಕಣ್ಣು? ಎಡಾನಾ, ಬಲಾನಾ?"

ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ನೆನಪು ಮಾಡಿಕೊಂಡೆ, ಮಡಿಲಲ್ಲಿ ಮಲಗಿಸಿಕೊಂಡು ನೆನಪು ಮಾಡಿಕೊಂಡೆ. ಎಡ ಅನ್ನಿಸಿತು. ನನ್ನ ಎಡವೋ ಅವಳ ಎಡವೋ? ಜಡೆ ಹಾಕುವಾಗ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಯಾವ ಕಡೆ? ಹೆತ್ತು ಒಂಬತ್ತು ವರ್ಷ ಸಾಕಿದವಳಿಗೆ ಇಷ್ಟು ಗೊತ್ತಿಲ್ಲ.

"ನೀವು ಬರೆಯೋರು. ನಿಮಗೆ ಗೊತ್ತಿರ್ಬೇಕು" ಎಂದು ಅವರ ಮೇಲೆ ಹಾರಿದೆ.

"ನಾನು ಅದನ್ನ ತಿದ್ದಿದ್ದಷ್ಟೇ ನೆನಪಿದೆ" ಅಂದರು. "ಯಾವುದನ್ನ ತಿದ್ದಿದೆ ಅಂತ ನೆನಪಿಲ್ಲ."

ಬೋರ್ಡ್ ನೋಡಿದರೆ ಹೊಳೆದೀತು ಎಂದು ಮಾರನೇ ಬೆಳಿಗ್ಗೆ ಪೇಟೆಗೆ ನಡೆದೆವು. ಮೇಲಿನ ಪೇಟೆಗೆ ಏನೂ ಆಗಿರಲಿಲ್ಲ. ಅಂಗಡಿಗಳು ತೆರೆದಿದ್ದವು, ಬಸ್ಸಿನವರು ಕೂಗುತ್ತಿದ್ದರು, ಒಬ್ಬ ಹಣ್ಣಿನವನು ನನ್ನನ್ನು ಕರೆದು ರುಚಿ ನೋಡಿ ಅಕ್ಕ ಅಂದ. ಅವನ ಗಾಡಿಯನ್ನು ಒದ್ದುಬಿಡಬೇಕು ಅನ್ನಿಸಿತು. ಪುಸ್ತಕದಂಗಡಿಯ ಮೇಲೆ ಅವಳಿದ್ದಳು, ಬಿಸಿಲಿಗೆ ಕೆನ್ನೆ ಸ್ವಲ್ಪ ಮಾಸಿತ್ತು. ಗಂಡ ಸ್ಟೂಲು ಇಸಿದುಕೊಂಡು ಹತ್ತಿ ಹತ್ತಿರದಿಂದ ನೋಡಿದರು, ಬಣ್ಣದ ಮೇಲೆ ಬೆರಳಾಡಿಸಿದರು. ಕೆಳಗಿನ ಬಣ್ಣದಲ್ಲೇನಾದರೂ ಮೊದಲಿನ ಗುರುತು ಉಳಿದಿದೆಯೋ ಎಂದು. ಏನಿರುತ್ತದೆ? ಅವರ ಕೆಲಸ ಯಾವತ್ತೂ ಚೊಕ್ಕ.

ಅಂಗಡಿಯವರು ಆಚೆ ಬಂದರು. ಚುಕ್ಕಿ ಅವರಿಗೆ ಚೆನ್ನಾಗಿ ಗೊತ್ತು, ಪೆನ್ಸಿಲ್ಲಿಗೆ ಅಂತ ಹೋಗಿ ಗಂಟೆಗಟ್ಟಲೆ ಹರಟುತ್ತಿದ್ದಳು. ನಾನು ಕೇಳಿದೆ, "ಅವಳಿಗೆ ಯಾವ ಕಣ್ಣು ಓರೆಯಿತ್ತು, ನೆನಪಿದೆಯಾ?"

"ಓರೆನಾ? ಅವಳಿಗಾ?" ಅವರು ತಲೆಯೆತ್ತಿ ಬೋರ್ಡ್ ನೋಡಿದರು. "ಇಲ್ಲವಲ್ಲಮ್ಮ. ಇಗೋ, ಹೀಗೇ ಇದ್ಲು ಕೂಸು."

ಸ್ಟೂಲಿನಿಂದ ಇಳಿಯಲು ಗಂಡ ಅಂಗಡಿಯವರ ಭುಜ ಹಿಡಿದುಕೊಂಡರು. ಎಷ್ಟೋ ಅಂತಸ್ತು ಎತ್ತರದ ಏಣಿಯ ಮೇಲೆ ಹಾಡು ಗುನುಗುತ್ತ ನಿಲ್ಲುವ ಮನುಷ್ಯ.

ಗೋದಾಮಿಗೆ ಬಂದು ಕಂಡಕಂಡವರನ್ನೆಲ್ಲ ಕೇಳಿದೆ. ಹೊಲಿಗೆ ಅತ್ತೆ ಗಟ್ಟಿಯಾಗಿ ಎಡ ಅಂದಳು. ಅವಳ ಪಕ್ಕದಲ್ಲಿದ್ದ ಬಸ್ ಕಂಡಕ್ಟರ್, ಚುಕ್ಕಿಗೆ ದಿನಾ ಅರ್ಧ ಟಿಕೆಟ್ ಹರಿದು ಕೊಡುತ್ತಿದ್ದವನು, ಬಲ ಎಂದು ಆಣೆ ಮಾಡಿದ. ಇಬ್ಬರೂ ಜಗಳಕ್ಕೇ ಬಿದ್ದರು. ಕೊನೆಗೆ ಅತ್ತೆ, "ಇರು, ನನಗೆ ಎದುರು ಕೂತಾಗ..." ಎಂದು ಗಾಳಿಯಲ್ಲಿ ಕೈ ಆಡಿಸಿ, ಎಡ ಬಲ ಎರಡನ್ನೂ ತೋರಿಸಿದಳು. ಚುಕ್ಕಿಯ ಜೊತೆ ಓದುತ್ತಿದ್ದ ಮಕ್ಕಳನ್ನು ಕೇಳೋಣವೆಂದರೆ ನಮ್ಮ ಬೀದಿಯ ಮಕ್ಕಳಲ್ಲಿ ಕೇಳುವಂಥವರು ಯಾರೂ ಉಳಿದಿರಲಿಲ್ಲ.

ಬಣ್ಣದ ಮೇಡಂ ಇದನ್ನೆಲ್ಲ ನೋಡುತ್ತಿದ್ದರು. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

"ಯಾವ ಕಣ್ಣಾದ್ರೂ ಪರವಾಗಿಲ್ಲ ಅಕ್ಕ. ನಿಮಗೆ ಹೇಗೆ ಅನ್ಸುತ್ತೋ ಹಾಗೆ ಬರೆಸಿ. ಇಲ್ಲಿ ತಪ್ಪು ಅನ್ನೋದು..."

"ಇರಬೇಕು!" ನಾನು ಕೈ ಕಿತ್ತುಕೊಂಡೆ. "ತಪ್ಪು ಇರಬೇಕು ಮೇಡಂ. ಯಾವುದೂ ತಪ್ಪಲ್ಲ ಅಂದ್ರೆ ಯಾವ ಹುಡುಗಿಯಾದ್ರೂ ನನ್ನ ಮಗಳೇ ಆಗ್ತಾಳೆ. ನಂಗೆ ಯಾವಳೋ ಬೇಡ. ಒಂದು ಕಣ್ಣು ತಪ್ಪು, ಒಂದು ಕಣ್ಣು ಸರಿ. ಯಾವುದು ಅಂತ ಹೇಳೋರು ಒಬ್ಬರಿದ್ರೆ ಹೇಳಲಿ, ಇಲ್ಲಾಂದ್ರೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಲಿ!"

ಕೋಣೆಯಲ್ಲಿ ಎಲ್ಲರ ಕುಂಚ ನಿಂತಿತು. ನಾನು ಯಾವಾಗ ಹೋಗಿ ತೂಕದ ಹಲಗೆಯ ಮೇಲೆ ನಿಂತಿದ್ದೆನೋ ತಿಳಿಯದು. ಗೋಡೆಯ ಮುಳ್ಳು ಅಲ್ಲಾಡುತ್ತಿತ್ತು. ಮೇಡಂ ಕಣ್ಣುಗಳು ತುಂಬಿಕೊಂಡಿದ್ದವು, ಪಾಪ. ಕೆಟ್ಟ ಹೆಂಗಸಲ್ಲ ಅವರು. ನಮ್ಮಂಥವರ ನಡುವೆ ದಿನವಿಡೀ ಕೂತು ಸಂಜೆ ಒಬ್ಬರೇ ಬಕೆಟ್ಟಿನಲ್ಲಿ ಕುಂಚ ತೊಳೆದು ಹೋಗುತ್ತಿದ್ದರು. ಅವರ ಮಾತಿನಿಂದ ಅತ್ತೆಗೆ ಒಳ್ಳೆಯದಾಗಿತ್ತು, ಕಂಡಕ್ಟರನಿಗೂ ಆಗಿತ್ತು. ನನಗೆ ಆಗಲಿಲ್ಲ, ಅಷ್ಟೆ.

ಗಂಡ ಆಮೇಲೆ ಎಡಗಣ್ಣು ಓರೆ ಮಾಡಿ ಒಂದು ಬರೆದರು, ಬಲಗಣ್ಣು ಓರೆ ಮಾಡಿ ಒಂದು ಬರೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರು ಅಪರಿಚಿತ ಹುಡುಗಿಯರು ನನ್ನನ್ನು ದಿಟ್ಟಿಸುತ್ತಿದ್ದರು. ಮೂರನೆಯದಕ್ಕೆ ಕೂತರು. ಕಣ್ಣು ಓರೆಯಾಗಿಯೇ ಶುರುವಾಗುತ್ತಿತ್ತು. ಮುಗಿಯುವ ಹೊತ್ತಿಗೆ ಅವರಿಗೇ ತಿಳಿಯದಂತೆ ನೆಟ್ಟಗಾಗಿರುತ್ತಿತ್ತು. ಆ ಕೈ ಇಪ್ಪತ್ತು ವರ್ಷ ಬೇರೇನೂ ಮಾಡಿರಲಿಲ್ಲ. ಅವರು ಬಲಗೈಯನ್ನು ಎಡಗೈಯಿಂದ ಹಿಡಿದು ಬರೆಯುವುದನ್ನು ನೋಡಿ ನಾನು ಎದ್ದು ಹೊರಗೆ ಹೋದೆ.

ಮಳೆಗಾಲ ಮುಗಿಯಿತು. ಗೋದಾಮು ಖಾಲಿ ಮಾಡಿಸಿ ಎಲ್ಲರಿಗೂ ಒಂದೊಂದು ಕೋಣೆಯ ಮನೆ ಕೊಡುತ್ತಾರೆಂದಾಯಿತು. ಹೋಗುವ ಮೊದಲು ಎಲ್ಲರ ಚಿತ್ರಗಳನ್ನೂ ಹತ್ತಿ ಮೂಟೆ ಇಳಿಸುವ ಜಗಲಿಯಲ್ಲಿ ತೂಗುಹಾಕೋಣ, ಊರಿನವರೂ ಬಂದು ನೋಡಲಿ ಎಂದರು ಮೇಡಂ. ಗಂಡ ಆ ವಾರವೆಲ್ಲ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಏನನ್ನೋ ಬರೆಯುತ್ತಿದ್ದರು. ನಾನು ಹತ್ತಿರ ಹೋದರೆ ಟವೆಲ್ ಮುಚ್ಚಿಬಿಡುತ್ತಿದ್ದರು. ಆದರೆ ಈ ಸಲ ಅವರ ಕೈ ತಡವರಿಸುತ್ತಿರಲಿಲ್ಲ, ಅದು ದೂರದಿಂದಲೇ ಕಾಣುತ್ತಿತ್ತು. ನನ್ನಲ್ಲೊಂದು ಆಸೆ ಚಿಗುರಿತು. ನೆನಪಾಗಿದೆ ಇವರಿಗೆ ಅಂದುಕೊಂಡೆ. ಜಗಲಿಗೆ ಹೋಗುವ ದಿನ ಎಷ್ಟೋ ಕಾಲದ ಮೇಲೆ ತಲೆ ಬಾಚಿಕೊಂಡೆ.

ಜನ ಒಂದು ಚಿತ್ರದ ಮುಂದೆ ಮುತ್ತಿಕೊಂಡಿದ್ದರು. ನಾನು ಹೋದ ಕೂಡಲೇ ದಾರಿ ಬಿಟ್ಟರು.

ಚುಕ್ಕಿ ಕಣ್ಣು ಮುಚ್ಚಿ ಮಲಗಿದ್ದಳು.

"ಎಷ್ಟು ನೆಮ್ಮದಿಯಾಗಿ ನಿದ್ದೆ ಮಾಡ್ತಿದೆ ನೋಡಿ ಕೂಸು" ಎಂದಳು ಯಾರೋ ಹೆಂಗಸು. ಮತ್ತೊಬ್ಬರು ಹಣೆಯ ಮೇಲಿನ ಕೂದಲು ನಿಜವಾಗಿ ಒದ್ದೆಯಾದಂತೆಯೇ ಇದೆ ಎಂದು ಹೊಗಳಿದರು. ಈಗ ತಾನೆ ಸ್ನಾನ ಮಾಡಿಸಿ ಮಲಗಿಸಿದ ಹಾಗೆ, ಎಂದರು. ಮೇಡಂ ನನ್ನ ಭುಜ ಬಳಸಿ, "ಅಣ್ಣ ಒಳ್ಳೆ ದಾರಿ ಹುಡುಕಿದ್ರು ಅಕ್ಕ. ಈಗ ಕಣ್ಣಿನ ಪ್ರಶ್ನೆಯೇ ಇಲ್ಲ" ಅಂದರು.

ಪ್ರಶ್ನೆಯೇ ಇರಲಿಲ್ಲ. ಐಸ್ ಫ್ಯಾಕ್ಟರಿಯಲ್ಲಿ ಕೂದಲು ಅಂಟಿಕೊಂಡಿದ್ದದ್ದು ಹಾಗೆಯೇ. ಕೆಳತುಟಿ ಒಂದು ಕಡೆ ಒಳಗೆ ಸರಿದಿದ್ದದ್ದು ಹಾಗೆಯೇ. ಫ್ರಾಕಿನ ಕಾಲರ್ ಮಡಚಿಕೊಂಡಿದ್ದದ್ದು ಹಾಗೆಯೇ. ಹುಬ್ಬಿನ ಮೇಲೊಂದು ಸಣ್ಣ ಗೀರು, ಅವತ್ತು ಬೆಳಿಗ್ಗೆ ನಾನು ಮನೆ ಬಿಟ್ಟಾಗ ಇಲ್ಲದ ಗೀರು. ಅದು ಎಡ ಹುಬ್ಬು, ಅವಳ ಎಡ. ಅದರಲ್ಲಿ ನನಗೂ ಅನುಮಾನವಿಲ್ಲ, ಅವರಿಗೂ ಅನುಮಾನವಿಲ್ಲ.

ಗಂಡ ಕಂಬಕ್ಕೊರಗಿ ನಿಂತಿದ್ದರು. ಜನ ಸರಿದ ಮೇಲೆ ಹತ್ತಿರ ಬಂದರು. ಕೆಲಸ ಒಪ್ಪಿಸುವಾಗ ಗಿರಾಕಿಯ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿ ನಿಂತರು.

"ನಂಗೆ ಇದೊಂದೇ ಬರೋದು" ಅಂದರು. "ಎಷ್ಟು ಬರೆದ್ರೂ ಇದೇ. ಸರಿ ಇದೆಯಾ?"

ಕೂಗಾಡಬೇಕು ಅಂದುಕೊಂಡೆ. ಹರಿದು ಹಾಕಬೇಕು ಅಂದುಕೊಂಡೆ. ಅವರ ಮುಖ ನೋಡಿದೆ. ಅವರ ಬಾಗಿಲಿಗೂ ಅದೇ ಮುಖ ಅಡ್ಡ ನಿಂತಿದೆ, ಅವರನ್ನೂ ಅದು ಒಳಗೆ ಬಿಡುತ್ತಿಲ್ಲ. ಇಷ್ಟು ದಿನ ನಾವಿಬ್ಬರೂ ಒಂದೇ ಬಾಗಿಲಲ್ಲಿ ನಿಂತಿದ್ದೆವು.

"ಸರಿ ಇದೆ" ಅಂದೆ. "ಒಂದು ಕೂದಲೂ ತಪ್ಪಿಲ್ಲ."

ಅವರು ಜಗಲಿಯ ಅಂಚಿನಲ್ಲಿ ಕುಸಿದು ಕೂತು ಮಗುವಿನ ಹಾಗೆ ಅತ್ತರು. ಐಸ್ ಫ್ಯಾಕ್ಟರಿಯಲ್ಲೂ ಅತ್ತಿರಲಿಲ್ಲ. ಮೇಡಂ ದೂರದಿಂದ ನನಗೆ ಸನ್ನೆ ಮಾಡಿದರು, ಬಿಡಿ, ಅಳಲಿ, ಒಳ್ಳೆಯದು ಅಂತ. ನಾನು ತಲೆಯಾಡಿಸಿದೆ. ಏನಂತ ಹೇಳಲಿ ಅವರಿಗೆ?

ಚಿತ್ರದ ಬಲ ಮೂಲೆಯಲ್ಲಿ ಕೆಂಪು ಚುಕ್ಕಿ ಇರಲಿಲ್ಲ. ಇಡಿ ಎಂದು ನಾನೂ ಹೇಳಲಿಲ್ಲ.

ಈಗ ಹೊಸ ಕೋಣೆಯ ಗೋಡೆಯ ಮೇಲೆ ಅದಿದೆ. ಅವರೇ ಮೊಳೆ ಹೊಡೆದು ನೇರವಾಗಿ ತೂಗುಹಾಕಿದರು. ಬೇರೆ ಎಲ್ಲವನ್ನೂ ಅತ್ತೆಗೆ ಕೊಟ್ಟು ಒಲೆಗೆ ಹಾಕಿಸಿದೆ, ಎಡದ್ದನ್ನೂ, ಬಲದ್ದನ್ನೂ, ನೆಟ್ಟಗಿದ್ದದ್ದನ್ನೂ. ಪುಸ್ತಕದಂಗಡಿಯ ರಸ್ತೆಯಲ್ಲಿ ನಾನು ಹೋಗುವುದಿಲ್ಲ. ಆ ಕಣ್ಣು ಇವತ್ತಿಗೂ ನೆನಪಾಗಿಲ್ಲ, ಇನ್ನು ಆಗುವುದೂ ಇಲ್ಲ.

ಮನೆಗೆ ಬಂದವರು ಚಿತ್ರ ನೋಡಿದ ಕೂಡಲೇ ದನಿ ತಗ್ಗಿಸುತ್ತಾರೆ, ಮಲಗಿದ ಮಗು ಎಲ್ಲಿ ಎದ್ದುಬಿಡುತ್ತದೋ ಎಂದು. ಚಪ್ಪಲಿಯನ್ನೂ ಸದ್ದಿಲ್ಲದೆ ಬಿಡುತ್ತಾರೆ. ನಾನು ಮಾತ್ರ ಜೋರಾಗಿ ಮಾತಾಡುತ್ತೇನೆ.